ಪಾದರಕ್ಷೆ ಹೊರಗೇ ಬಿಡಿ

ನಮ್ಮ ಹಲ್ಲಿನ ಕ್ಲಿನಿಕ್ಕಿನ ಬಾಗಿಲಿಗೆ ಒಂದು ಬೋರ್ಡು ನೇತಾಡುತ್ತಿದೆ: ‘ದಯವಿಟ್ಟು ಪಾದರಕ್ಷೆ ಹೊರಗೇ ಬಿಡಿ.’ ಬರೆಸಿದವಳು ನಾನು. ಬಂದವರೆಲ್ಲ ಇದು ಶುಚಿತ್ವದ ವಿಷಯ ಎಂದುಕೊಂಡು ಮೆಚ್ಚಿಕೊಳ್ಳುತ್ತಾರೆ. ಡಾಕ್ಟರು ಕೂಡ ಮೊದಲ ಎರಡು ವರ್ಷ ಹಾಗೆಯೇ ಅಂದುಕೊಂಡಿದ್ದರು. ನಿಜ ಹೇಳಬೇಕೆಂದರೆ ನೆಲ ಒರೆಸಲು ಬೇರೆಯವರು ಬರುತ್ತಾರೆ, ಅದು ಕೊಳೆಯಾದರೆ ನನ್ನ ಗಂಟೇನೂ ಹೋಗುವುದಿಲ್ಲ. ನನಗೆ ಬೇಕಾಗಿದ್ದದ್ದು ಜನರ ಕಾಲ್ಬೆರಳು.

ಇಪ್ಪತ್ತೆರಡು ವರ್ಷದಿಂದ ನಾನು ಈ ಡಾಕ್ಟರರ ಸಹಾಯಕಿ. ಅವರು ಕುರ್ಚಿಯ ಬಲಕ್ಕೆ ಕೂರುತ್ತಾರೆ, ನಾನು ಎಡಕ್ಕೆ. ಅವರ ಕೈಯಲ್ಲಿ ಡ್ರಿಲ್ಲು, ನನ್ನ ಕೈಯಲ್ಲಿ ಎಂಜಲು ಎಳೆದುಕೊಳ್ಳುವ ಕೊಳವೆ. ಮಲಗಿಸಿದ ಮೇಲೆ ಎಲ್ಲರಿಗೂ ಅವರು ಒಂದೇ ಮಾತು ಹೇಳುತ್ತಾರೆ: ನೋವಾದರೆ ಎಡಗೈ ಎತ್ತಿ, ನಿಲ್ಲಿಸುತ್ತೇನೆ. ಬಲಗೈ ಎತ್ತಿದರೆ ಡ್ರಿಲ್ಲಿಗೇ ತಾಗೀತು, ಅದಕ್ಕೆ ಎಡಗೈ. ಕೇಳಲಿಕ್ಕೆ ಬಹಳ ಚೆನ್ನಾಗಿದೆ. ಆದರೆ ಕೈ ಎತ್ತುವವರು ಯಾರು? ಮಕ್ಕಳು ಡಾಕ್ಟರು ಕೋಟು ಹಾಕಿಕೊಳ್ಳುವಾಗಲೇ ಎತ್ತುತ್ತಾರೆ. ದೊಡ್ಡವರು ಪ್ರಾಣ ಹೋದರೂ ಎತ್ತುವುದಿಲ್ಲ. ಒಬ್ಬರಿಗೆ ಮರ್ಯಾದೆ, ಒಬ್ಬರಿಗೆ ಸಂಕೋಚ, ಇನ್ನೊಬ್ಬರಿಗೆ ಬೇಗ ಮುಗಿದರೆ ಸಾಕು ಎನ್ನುವ ಅವಸರ.

ಮುಖ ನೋಡೋಣವೆಂದರೆ ಬಾಯಿ ಅಗಲಕ್ಕೆ ತೆರೆದಿರುತ್ತದೆ, ಕಣ್ಣಿಗೆ ಕಪ್ಪು ಕನ್ನಡಕ, ಮೇಲೆ ದೀಪ. ಬಾಯಿ ತೆರೆದ ಮುಖಗಳೆಲ್ಲ ಒಂದೇ ಥರ. ಕಾಲು ಹಾಗಲ್ಲ. ಕಾಲನ್ನು ಯಾರೋ ನೋಡುತ್ತಿದ್ದಾರೆ ಎಂದು ಮನುಷ್ಯನಿಗೆ ಹೊಳೆಯುವುದೇ ಇಲ್ಲ, ಹಾಗಾಗಿ ಅದಕ್ಕೆ ನಟನೆ ಬರುವುದಿಲ್ಲ. ನರಕ್ಕೆ ತಾಗಿದೊಡನೆ ಕಾಲ್ಬೆರಳು ಒಳಕ್ಕೆ ಮಡಿಚಿಕೊಳ್ಳುತ್ತವೆ. ಆಗ ನಾನು ಡಾಕ್ಟರರ ಮೊಣಕೈಗೆ ಒಂದು ಬೆರಳು ತಾಗಿಸುತ್ತೇನೆ. ಅವರು ನಿಲ್ಲಿಸುತ್ತಾರೆ. ಈ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅವರು ಯಾಕೆ ಎಂದು ಕೇಳಿಲ್ಲ.

ಒಬ್ಬ ಜಿಮ್ ಮಾಸ್ತರು ಬರುತ್ತಿದ್ದ. ತೋಳು ನನ್ನ ಸೊಂಟದಷ್ಟು ದಪ್ಪ. ಮರಗಟ್ಟಿಸುವ ಇಂಜೆಕ್ಷನ್ನೇ ಬೇಡ, ಅದೆಲ್ಲ ಹೆಂಗಸರಿಗೆ ಎಂದ. ಎರಡನೇ ನಿಮಿಷಕ್ಕೆ ಅವನ ಹತ್ತೂ ಬೆರಳು ಪೆನ್ಸಿಲು ಹಿಡಿದುಕೊಂಡಂತೆ ಮಡಿಚಿಕೊಂಡವು. ಮೊಣಕೈ ಮುಟ್ಟಿದೆ, ಡಾಕ್ಟರು ಇಂಜೆಕ್ಷನ್ ಕೊಟ್ಟರು. ನನಗೇನೂ ಆಗಿರಲಿಲ್ಲ, ಡಾಕ್ಟರೇ ಹೆದರಿಕೊಂಡರು ಎಂದು ಹೊರಗೆ ಕೂತವರಿಗೆಲ್ಲ ಹೇಳಿಕೊಂಡು ಹೋದ. ಮುಂದಿನ ಸಲ ಬೂಟು ಹಾಕಿಕೊಂಡೇ ಒಳಗೆ ಬರಲು ನೋಡಿದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನಾನು ಬೋರ್ಡು ತೋರಿಸಿದೆ.

ತರಬೇತಿಗೆ ಬರುವ ಹುಡುಗಿಯರಿಗೆಲ್ಲ ನಾನು ಮೊದಲ ದಿನ ಹೇಳಿಕೊಡುವ ಪಾಠ ಒಂದೇ. ಮುಖ ನೋಡಿ ಮೋಸ ಹೋಗಬೇಡಿ, ಕಾಲು ನೋಡಿ. ಈ ಪಾಠವನ್ನು ನಾನು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದೆನೆಂದರೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಜನರನ್ನು ಓದುವ ಚಟ ನನಗೆ ಕ್ಲಿನಿಕ್ಕಿನಲ್ಲಿ ಅಂಟಿಕೊಂಡದ್ದಲ್ಲ. ಕಲಿಸಿದವಳು ನನ್ನ ಅಕ್ಕ. ಅವಳು ನನಗಿಂತ ಹತ್ತು ವರ್ಷ ದೊಡ್ಡವಳು. ಅಪ್ಪ ಅಮ್ಮ ಇಬ್ಬರೂ ಬೇಗ ಹೋದ ಮೇಲೆ ನಾವು ಚಿಕ್ಕಪ್ಪನ ಮನೆಯಲ್ಲಿ ಬೆಳೆದೆವು. ಚಿಕ್ಕಪ್ಪ ಕೆಟ್ಟವರಲ್ಲ, ಆದರೆ ಅವರ ಮನಸ್ಸು ಗಳಿಗೆಗೊಂದು ಥರ. ಅವರು ಕೆಲಸದಿಂದ ಬರುವ ಹೊತ್ತಿಗೆ ಅಕ್ಕ ಮುಂಬಾಗಿಲ ಹತ್ತಿರ ಏನಾದರೂ ನೆವ ಮಾಡಿಕೊಂಡು ನಿಲ್ಲುತ್ತಿದ್ದಳು. ಬೀಗದಕೈ ಮೇಜಿನ ಮೇಲೆ ಇಟ್ಟರೋ ಎಸೆದರೋ, ಕೋಟನ್ನು ಮೊಳೆಗೆ ಹಾಕಿದರೋ ಕುರ್ಚಿಗೆ ಬಿಸುಟರೋ ನೋಡಿ, ಒಳಗೆ ನಿಂತ ನನಗೆ ಹುಬ್ಬಿನಲ್ಲೇ ಸುದ್ದಿ ಕಳಿಸುತ್ತಿದ್ದಳು. ಒಂದು ಹುಬ್ಬು ಮೇಲೆ ಹೋದರೆ ಇವತ್ತು ಬಾಯಿ ಬಿಡಬೇಡ. ಎರಡೂ ಹೋದರೆ ಬಾ, ಏನು ಬೇಕೋ ಕೇಳಿಕೋ. ಶಾಲೆಯ ಪ್ರವಾಸ, ಬಣ್ಣದ ಪೆನ್ಸಿಲು, ಗೆಳತಿಯ ಮನೆ, ಎಲ್ಲವೂ ಅಕ್ಕನ ಎರಡು ಹುಬ್ಬಿನಿಂದಲೇ ನನಗೆ ದಕ್ಕಿದ್ದು.

ಅವಳ ಮುಖ ಗೋಡೆಗೆ ಹಚ್ಚಿದ ನೋಟೀಸಿನ ಹಾಗೆ, ಅಕ್ಷರ ಬಾರದವರೂ ಓದಬಹುದಿತ್ತು. ಇಸ್ಪೀಟಿನಲ್ಲಿ ಒಮ್ಮೆಯೂ ಗೆದ್ದವಳಲ್ಲ. ಒಳ್ಳೆಯ ಎಲೆ ಬಂದರೆ ಮೂಗಿನ ತುದಿಯೂ ನಗುತ್ತಿತ್ತು. ಮದುವೆ ಮಾಡಿಕೊಳ್ಳಲಿಲ್ಲ. ಕೇಳಿದವರಿಗೆ, ಇವಳೊಬ್ಬಳನ್ನು ಬೆಳೆಸಿದ್ದೇ ಮೂರು ಮಕ್ಕಳಿಗೆ ಸಮ ಎಂದು ನನ್ನತ್ತ ಬೆರಳು ತೋರಿಸುತ್ತಿದ್ದಳು. ಬಟ್ಟೆ ಸರಿಪಡಿಸುವ ಅಂಗಡಿಯೊಂದರಲ್ಲಿ ನಲವತ್ತು ವರ್ಷ ಹೊಲಿದಳು. ಅದೇ ಅಂಗಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ ಅವಳದು. ಅವಳ ಹೊಲಿಗೆ ಎಂದರೆ ಗೆರೆ ಎಳೆದ ಹಾಗೆ.

ಹೋದ ವರ್ಷ ನಾವು, ಅಂದರೆ ನಾನು ಮತ್ತು ನಮ್ಮ ಯಜಮಾನರು, ಒಂದು ಚಿಕ್ಕ ಮನೆ ಕೊಂಡೆವು. ಯಜಮಾನರಿಗೆ ಲಿಫ್ಟು ರಿಪೇರಿಯ ಕೆಲಸ. ಇಡೀ ಜೀವಮಾನ ಬೇರೆಯವರ ಕಟ್ಟಡದಲ್ಲಿ ಹತ್ತಿ ಇಳಿದವರು. ಐವತ್ತು ದಾಟಿದ ಮೇಲೆ ಸ್ವಂತದ್ದೊಂದು ಬಾಗಿಲು, ನಮ್ಮದೇ ಬೀಗದಕೈ. ನನಗೆ ಅದನ್ನು ಲೋಕಕ್ಕೆಲ್ಲ ತೋರಿಸುವ ಹುಚ್ಚೇನೂ ಇರಲಿಲ್ಲ. ತೋರಿಸಬೇಕಾಗಿದ್ದದ್ದು ಒಬ್ಬಳಿಗೆ. ಆ ಮುಖ ಅರಳುವುದನ್ನು ನೋಡಬೇಕಿತ್ತು. ಚಿಕ್ಕಪ್ಪನ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿದವರು ನಾವು.

ಭಾನುವಾರ ಬೆಳಗ್ಗೆ ಅಕ್ಕ ಬಂದಳು. ಬಾಗಿಲಲ್ಲಿ ಯಜಮಾನರು ನಮ್ಮಿಬ್ಬರನ್ನೂ ನಿಲ್ಲಿಸಿ ನನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದರು. ಆಮೇಲೆ ನಾನು ಅವಳನ್ನು ಕೋಣೆ ಕೋಣೆಗೂ ಕರೆದುಕೊಂಡು ಹೋದೆ. ಅವಳು ಎಡಗೈಯನ್ನು ಮೈಗೆ ಒತ್ತಿಕೊಂಡು, ಅದನ್ನು ಬೀಸದೆ, ಚಿಕ್ಕ ಚಿಕ್ಕ ಹೆಜ್ಜೆ ಇಟ್ಟುಕೊಂಡು ಹಿಂದೆ ಬಂದಳು. ಮುಖದಲ್ಲಿ ಏನೂ ಇಲ್ಲ. ಕಿಟಕಿ ತೋರಿಸಿದೆ, ಹೊಸ ಒಲೆ ತೋರಿಸಿದೆ, ಗೋಡೆಯೊಳಗೆ ಕೂರಿಸಿದ ಬೀರು ತೆರೆದು ತೋರಿಸಿದೆ. ಹೇಗಿದೆ ಎಂದರೆ ‘ಚೆನ್ನಾಗಿದೆ’ ಎಂದಳು, ಬಸ್ಸಿನ ನಂಬರು ಓದುವವರ ದನಿಯಲ್ಲಿ. ಬಣ್ಣದ ವಾಸನೆ ಇನ್ನೂ ಹೋಗಿಲ್ಲ ನೋಡು ಎಂದು ನಕ್ಕರೆ, ‘ಯಾವ ವಾಸನೆ? ನನಗೇನೂ ಬರ್ತಿಲ್ಲ’ ಎಂದಳು. ನಮಗೆಲ್ಲ ಆ ವಾಸನೆಗೆ ತಲೆನೋವು ಬಂದಿತ್ತು.

ಕೊನೆಗೆ ಚೀಲದಿಂದ ಒಂದು ಪೊಟ್ಟಣ ತೆಗೆದುಕೊಟ್ಟಳು. ಹಾಲಿನ ಕಿಟಕಿಗೆ ಪರದೆ, ತಾನೇ ಹೊಲಿದದ್ದು. ಬಿಚ್ಚಿ ನೋಡಿದೆ. ಅಂಚಿನ ಹೊಲಿಗೆ ಸೊಟ್ಟ. ಒಂದು ಕಡೆ ದೂರ ದೂರ, ಒಂದು ಕಡೆ ಒಂದರ ಮೇಲೊಂದು. ಕಲಿಯುವ ಹುಡುಗಿಯೂ ಹಾಗೆ ಹೊಲಿಯುವುದಿಲ್ಲ. ಗಿರಾಕಿಯ ಪ್ಯಾಂಟಿನ ಅಂಚು ಒಂದು ಎಳೆ ಸೊಟ್ಟವಾದರೆ ಬಿಚ್ಚಿ ಹೊಲಿಯುವವಳು ತಂಗಿಯ ಮನೆಗೆ ಕಾಟಾಚಾರಕ್ಕೆ ಹೊಲಿದು ತಂದಿದ್ದಾಳೆ ಎನಿಸಿತು.

ನಾನು ಎಲ್ಲವನ್ನೂ ಕೂಡಿಸಿದೆ. ಬಿಗಿದ ಕೈ, ಸತ್ತ ದನಿ, ಬಾರದ ವಾಸನೆ, ಸೊಟ್ಟ ಹೊಲಿಗೆ, ಕಲ್ಲಿನಂಥ ಮುಖ. ನನ್ನಂಥ ಅನುಭವಸ್ಥೆಗೆ ಅಂಗೈ ಹುಣ್ಣು ನೋಡಲು ಕನ್ನಡಿ ಬೇಕೆ? ಬಾಡಿಗೆ ಮನೆಯಲ್ಲಿರುವ ಅಕ್ಕನಿಗೆ ತಂಗಿಯ ಸ್ವಂತ ಮನೆ ಸಹಿಸಲಾಗುತ್ತಿಲ್ಲ.

‘ನಿನಗೆ ಹೊಟ್ಟೆಕಿಚ್ಚು ಅಕ್ಕ,’ ಎಂದೆ. ‘ಒಂದು ದಿನ, ನನಗೋಸ್ಕರ, ಒಂದು ಸಲ ನಗೋಕಾಗಲ್ವಾ ನಿನಗೆ?’

ಅವಳು ನನ್ನನ್ನೇ ನೋಡಿದಳು. ‘ನಾನು...’ ಎಂದಳು. ಮುಖ ಒಂದಿಷ್ಟೂ ಕದಲಲಿಲ್ಲ. ಅಷ್ಟು ದೊಡ್ಡ ಮಾತು ಕೇಳಿಯೂ ಕದಲದ ಮುಖ ನನಗೆ ಕೊನೆಯ ಸಾಕ್ಷಿಯಾಯಿತು. ಅವಳು ಚೀಲ ತೆಗೆದುಕೊಂಡು ಹೊರಟಳು. ಗೇಟಿನವರೆಗೂ ಆ ಕೈ ಬೀಸಲೇ ಇಲ್ಲ.

ಯಜಮಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ, ಒಂದು ಮಾತು ಕೇಳಬಹುದಿತ್ತಲ್ಲ ಎಂದರು. ನಾನು ಮೊಬೈಲು ತೆಗೆದು ಬಾಗಿಲಲ್ಲಿ ತೆಗೆದ ಫೋಟೋ ತೋರಿಸಿದೆ. ಅದರಲ್ಲಿ ನಾನು ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದೆ, ಪಕ್ಕದಲ್ಲಿ ಅಕ್ಕ ಪಾಸ್‌ಪೋರ್ಟಿಗೆ ನಿಂತ ಹಾಗೆ ನಿಂತಿದ್ದಳು. ಇನ್ನೇನು ಪ್ರಮಾಣ ಬೇಕು ಎಂದೆ. ಅವರು ತಮ್ಮ ಸ್ಪ್ಯಾನರುಗಳನ್ನು ಒರೆಸತೊಡಗಿದರು. ಮದುವೆಯಾದಾಗಿನಿಂದ ನನ್ನನ್ನು ಎಕ್ಸ್‌ರೇ ಮಿಷನ್ನು ಎಂದೇ ಕರೆಯುವವರು. ಮಿಷನ್ನಿನ ಜೊತೆ ವಾದ ಮಾಡಿ ಪ್ರಯೋಜನವಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು.

ಐದು ತಿಂಗಳು ನಾವು ಮಾತಾಡಲಿಲ್ಲ. ಅವಳು ಎರಡು ಸಲ ಫೋನು ಮಾಡಿದಳು, ನಾನು ಎತ್ತಲಿಲ್ಲ. ಪರದೆಯನ್ನು ಬೀರುವಿನ ಕೆಳಗಿನ ಅರೆಗೆ ತುರುಕಿದ್ದೆ. ಹಾಲಿನ ಕಿಟಕಿಗೆ ಬೇರೆ ಪರದೆ ತರಲು ಮನಸ್ಸಾಗದೆ ಹಾಗೇ ಬಿಟ್ಟಿದ್ದೆ. ಸಂಜೆಯ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ನಾನು ಸುಖವಾಗಿರಲಿಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಮಂಗಳವಾರ ಹತ್ತು ಗಂಟೆಗೆ ಕ್ಲಿನಿಕ್ಕಿನ ಗಾಜಿನ ಬಾಗಿಲ ಆಚೆ ಅಕ್ಕ ನಿಂತಿದ್ದಳು. ಒಂದು ದವಡೆ ಹಲ್ಲು ಮುರಿದು, ಮೂರು ದಿನದಿಂದ ನಿದ್ದೆಯಿಲ್ಲದೆ, ಡಾಕ್ಟರಿಗೆ ನೇರ ಫೋನು ಮಾಡಿ ಬಂದಿದ್ದಳು. ಬೋರ್ಡು ನೋಡಿ ಬೆಂಚಿನ ಮೇಲೆ ಕೂತು ಬೂಟಿನ ಪಟ್ಟಿ ಬಿಚ್ಚತೊಡಗಿದಳು. ಬಿಚ್ಚಿದಳು, ಬಿಚ್ಚಿದಳು, ಮುಗಿಯಲೊಲ್ಲದು. ಬೆರಳು ಬಕಲಿನ ಮೇಲೆ ಜಾರುತ್ತಿತ್ತು. ನಾನು ಒಳಗಿನಿಂದ ನೋಡುತ್ತ ನಿಂತೆ. ನಾನೇ ಹೋಗಿ ಬಗ್ಗಿ ಬಿಚ್ಚಲಿ ಎಂದು ನಾಟಕವಾಡುತ್ತಿದ್ದಾಳೆ ಅಂದುಕೊಂಡೆ. ಹೋಗಲಿಲ್ಲ. ಈ ಕಥೆಯಲ್ಲಿ ನನಗೆ ಇವತ್ತಿಗೂ ನುಂಗಲಾಗದ ತುತ್ತು ಇದೇ. ಆಡಿದ ಮಾತನ್ನಾದರೂ ಸಿಟ್ಟಿಗೆ ಹಾಕಬಹುದು, ಅವತ್ತು ನಾನು ಆರಾಮಾಗಿ ಕೈಕಟ್ಟಿಕೊಂಡು ನಿಂತಿದ್ದೆ.

ಕುರ್ಚಿಯಲ್ಲಿ ಮಲಗಿಸಿದೆವು. ನಾನು ಅವಳ ಕುತ್ತಿಗೆಗೆ ಬಟ್ಟೆ ಕಟ್ಟಿದೆ, ಬೇರೆ ರೋಗಿಗಳಿಗೆ ಕಟ್ಟುವ ಹಾಗೆ. ಡಾಕ್ಟರು ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷ ಬಿಟ್ಟು, ಮರಗಟ್ಟಿದೆಯಾ ಎಂದು ಕೇಳಿದರು. ಆಗಿದೆ ಅನ್ಸುತ್ತೆ ಎಂದಳು, ಅದೇ ಬಸ್ಸಿನ ನಂಬರಿನ ದನಿ. ನೋವಾದರೆ ಎಡಗೈ ಎತ್ತಿ ಎಂದು ಹೇಳಿ ಅವರು ಡ್ರಿಲ್ಲು ಹಿಡಿದರು.

ನಾನು ಅವಳ ಮುಖ ನೋಡಿದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕಾಲ ಕಡೆ ಕಣ್ಣು ಹಾಯಿಸಲಿಲ್ಲ. ಇದು ಬೇರೆ ರೋಗಿಯಾಗಿರಲಿಲ್ಲ, ನನ್ನ ಅಕ್ಕ. ಐದು ತಿಂಗಳಿಂದ ಮನಸ್ಸಿನಲ್ಲಿ ಜಗಳವಾಡುತ್ತಿದ್ದ ಆ ಮುಖದಿಂದ ನನಗೆ ಏನೋ ಒಂದು ಬೇಕಿತ್ತು. ಒಂದು ಸೋಲು, ಒಂದು ತಪ್ಪೊಪ್ಪಿಗೆ, ಕನಿಷ್ಠ ಒಂದು ಸುಕ್ಕು. ಡ್ರಿಲ್ಲಿನ ಸದ್ದು ಏರಿತು. ಕೊರೆದ ಹಲ್ಲಿನ ವಾಸನೆ ಬಂತು. ಮುಖ ಹಾಗೇ ಇತ್ತು. ಎಂಥ ಗರ್ವ ನೋಡು, ನನ್ನೆದುರು ನೋವನ್ನೂ ತೋರಿಸಲಾರಳು ಎಂದುಕೊಂಡೆ.

ಡಾಕ್ಟರು ಅರೆಗಳಿಗೆ ನಿಲ್ಲಿಸಿ ನನ್ನ ಕಡೆ ನೋಡಿದರು. ಆಳಕ್ಕೆ ಹೋಗುವ ಮೊದಲು ಅವರು ಯಾವಾಗಲೂ ಹಾಗೆ ನೋಡುತ್ತಾರೆ. ನಾನು ಮುಂದುವರಿಸಿ ಎಂದು ತಲೆಯಾಡಿಸಿದೆ. ಅವರು ಆಳಕ್ಕೆ ಹೋದರು.

ಆಗ ಟ್ರೇಯಿಂದ ಒಂದು ಹತ್ತಿಯ ಉರುಳೆ ಜಾರಿ ಬಿತ್ತು. ಹೆಕ್ಕಲು ಬಗ್ಗಿದೆ, ತಲೆಯೆತ್ತುವಾಗ ಅವಳ ಕಾಲು ಕಣ್ಣಿಗೆ ಬಿತ್ತು. ಹತ್ತೂ ಬೆರಳು ಮಡಿಚಿ ಕಾಲುಚೀಲವನ್ನು ಹಿಡಿದೆಳೆದು, ಚೀಲದ ಹಿಮ್ಮಡಿ ಅಂಗಾಲಿಗೆ ಬಂದುಬಿಟ್ಟಿತ್ತು. ಕುರ್ಚಿಯ ರೆಕ್ಸಿನ್ನು ಅವಳು ಒತ್ತಿದ ಕಡೆ ಗುಳಿ ಬಿದ್ದಿತ್ತು. ಜಿಮ್ ಮಾಸ್ತರನದು ಇದರ ಮುಂದೆ ಏನೂ ಅಲ್ಲ. ಇಂಜೆಕ್ಷನ್ ಹಿಡಿದೇ ಇರಲಿಲ್ಲ.

ನಾನು ಡಾಕ್ಟರರ ಮೊಣಕೈಯನ್ನು ಮುಟ್ಟಲಿಲ್ಲ, ಹಿಡಿದು ಎಳೆದೆ. ಡ್ರಿಲ್ಲು ನಿಂತಿತು. ಅಕ್ಕನ ಕಪ್ಪು ಕನ್ನಡಕ ತೆಗೆದೆ. ಕಣ್ಣಿನ ಎರಡೂ ಕೊನೆಯಿಂದ ನೀರು ಇಳಿದು ಕಿವಿಯೊಳಗೆ ಹೋಗಿತ್ತು. ಆ ನೀರಿನ ನಡುವೆ ಮುಖ ಮಾತ್ರ ಏನೂ ಆಗಿಲ್ಲವೆಂಬಂತೆ ಸುಮ್ಮನಿತ್ತು. ಅದನ್ನು ನೋಡಿ ನನಗೆ ಭಯವಾಯಿತು. ಅದು ಗರ್ವದ ಮುಖವಲ್ಲ. ಗರ್ವಕ್ಕೂ ಒಂದು ಬಿಗಿತ ಬೇಕಾಗುತ್ತದೆ. ಇದರಲ್ಲಿ ಅದೂ ಇರಲಿಲ್ಲ.

‘ನೋಯ್ತಿತ್ತಾ?’ ಎಂದೆ. ಐದು ತಿಂಗಳ ನಂತರ ಅವಳ ಜೊತೆ ನಾನಾಡಿದ ಮೊದಲ ಮಾತು.

‘ಮೊದಲಿಂದಾನೂ.’

‘ಕೈ ಯಾಕೆ ಎತ್ತಲಿಲ್ಲ ಮತ್ತೆ?’

‘ಎತ್ತುತ್ತಾ ಇದ್ದೆ,’ ಎಂದಳು ಅಕ್ಕ.

ನಾನು ಅವಳ ಎಡಗೈ ನೋಡಿದೆ. ಅದು ಕುರ್ಚಿಯ ಹಿಡಿಯಿಂದ ಎರಡು ಬೆರಳು ಮೇಲಿತ್ತು. ಡಾಕ್ಟರು ನಿಲ್ಲಿಸಿ ಇಷ್ಟು ಹೊತ್ತಾದರೂ ಅದು ಇನ್ನೂ ಮೇಲಕ್ಕೆ ಬರುತ್ತಲೇ ಇತ್ತು. ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಏನನ್ನೋ ಉಂಡೆ ಮಾಡುವ ಹಾಗೆ ತನ್ನ ಪಾಡಿಗೆ ತಾನು ಉಜ್ಜಿಕೊಳ್ಳುತ್ತಿತ್ತು.

ಡಾಕ್ಟರು ಮಾಸ್ಕು ಇಳಿಸಿದರು. ಇನ್ನೊಂದು ಇಂಜೆಕ್ಷನ್ ಕೊಟ್ಟು ಪೂರ್ತಿ ಮರಗಟ್ಟಿಸಿ, ಹಲ್ಲಿನ ಕೆಲಸ ಮುಗಿಸಿದರು. ಆಮೇಲೆ ಅವಳನ್ನು ಕೂರಿಸಿ, ಹೆಬ್ಬೆರಳಿಗೆ ತೋರುಬೆರಳು ಬೇಗ ಬೇಗ ತಟ್ಟಿ ನೋಡಿ ಎಂದರು. ಬಲಗೈ ತಟ್ಟಿತು. ಎಡಗೈ ನಾಲ್ಕು ಸಲ ತಟ್ಟಿ, ಸಣ್ಣದಾಗುತ್ತ ನಿಂತುಹೋಯಿತು. ಬಾಗಿಲವರೆಗೆ ನಡೆದು ಬನ್ನಿ ಎಂದರು. ನಾನು ಗೇಟಿನವರೆಗೆ ನೋಡಿದ್ದ ನಡಿಗೆಯೇ ಅದು. ಇದು ಹಲ್ಲಿನ ವಿಷಯ ಅಲ್ಲ, ನರದ ಡಾಕ್ಟರಿಗೆ ತೋರಿಸಬೇಕು ಎಂದು ಒಂದು ಚೀಟಿ ಬರೆದು ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ. ಅಕ್ಕ ಬಾಯಿ ಮುಕ್ಕಳಿಸುತ್ತಿದ್ದಾಗ, ನನಗೆ ಮಾತ್ರ ಕೇಳುವಂತೆ, ‘ಇವತ್ತು ತಡ ಮಾಡಿದ್ರಿ,’ ಎಂದರು. ಅಷ್ಟೇ.

ಹೊರಗೆ ಬೆಂಚಿನ ಮೇಲೆ ಅಕ್ಕನನ್ನು ಕೂರಿಸಿ ನಾನು ನೆಲಕ್ಕೆ ಕೂತು ಅವಳ ಬೂಟಿನ ಪಟ್ಟಿ ಕಟ್ಟಿದೆ. ಅವಳು ನನ್ನ ತಲೆಯ ಮೇಲೆ ಕೈ ಇಟ್ಟಳು. ಆ ಕೈ ನಡುಗುತ್ತಿತ್ತು.

ನರದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅಕ್ಕನ ಕೈ ಮಡಿಚಿ ಬಿಡಿಸಿ ನೋಡಿದರು, ನಡೆಸಿದರು, ಒಂದು ಸಾಲು ಬರೆಸಿದರು. ಇದು ಪಾರ್ಕಿನ್ಸನ್ ಕಾಯಿಲೆ, ಗುಣವಾಗುವುದಲ್ಲ, ಆದರೆ ಮಾತ್ರೆಯಿಂದ ಬಹಳ ವರ್ಷ ಹಿಡಿತದಲ್ಲಿಡಬಹುದು ಎಂದರು. ಆಮೇಲೆ ಪ್ರಶ್ನೆ ಕೇಳುತ್ತ ಹೋದರು. ನಡೆಯುವಾಗ ಕೈ ಬೀಸುವುದು ಯಾವಾಗ ನಿಂತಿತು? ದನಿ ತಗ್ಗಿದೆಯೇ? ವಾಸನೆ ಗೊತ್ತಾಗುತ್ತದೆಯೇ? ಸೂಜಿ ಹಿಡಿಯುವ ಕೆಲಸ ಕಷ್ಟವಾಗಿದೆಯೇ? ಒಂದೊಂದು ಪ್ರಶ್ನೆಯೂ ನಾನು ಅಕ್ಕನ ಮೇಲೆ ಹೊರಿಸಿದ್ದ ಒಂದೊಂದು ಆರೋಪ. ನಾನು ಯಾವುದನ್ನೂ ತಪ್ಪಾಗಿ ನೋಡಿರಲಿಲ್ಲ. ನೋಡಿದ್ದೆಲ್ಲ ಸರಿಯಾಗಿತ್ತು, ಓದಿದ್ದೆಲ್ಲ ಸುಳ್ಳಾಗಿತ್ತು.

ಅಕ್ಕನಿಗೆ ಇದೆಲ್ಲ ವಯಸ್ಸು ಎನಿಸಿತ್ತಂತೆ. ಭುಜ ಹಿಡಿದುಕೊಂಡಿದೆ, ಕಣ್ಣು ಮಂಜಾಗಿದೆ, ಅರವತ್ತೆರಡಕ್ಕೆ ಇನ್ನೇನು ಎಂದು ಸುಮ್ಮನಿದ್ದಳಂತೆ. ಪರದೆಯನ್ನು ಮೂರು ಸಲ ಬಿಚ್ಚಿ ಹೊಲಿದಿದ್ದಳು. ನಾನು ನೋಡಿದ್ದು ಮೂರನೆಯದು.

‘ಮುಖಕ್ಕೂ ಹೀಗೇ ಆಗುತ್ತದೆಯೇ?’ ಎಂದು ನಾನು ಕೇಳಿದೆ.

ಡಾಕ್ಟರು ಹೌದೆಂದರು. ಕೈಕಾಲಿನ ಹಾಗೆ ಮುಖದ ಸ್ನಾಯುಗಳೂ ನಿಧಾನವಾಗುತ್ತವೆ, ಒಳಗೆ ಆಗುವುದೆಲ್ಲ ಆಗುತ್ತಲೇ ಇರುತ್ತದೆ, ಅದು ಮುಖಕ್ಕೆ ಬಂದು ಮುಟ್ಟುವುದಿಲ್ಲ ಎಂದರು. ಮನೆಯವರು ಬಹಳ ಸಲ ತಪ್ಪು ತಿಳಿಯುತ್ತಾರೆ, ಅದೇ ರೋಗಿಗೆ ದೊಡ್ಡ ಕಷ್ಟ ಎಂದೂ ಹೇಳಿದರು. ಅವರು ಅದನ್ನು ಎಲ್ಲರಿಗೂ ಹೇಳುವ ಮಾತಿನ ಹಾಗೆ ಹೇಳಿದರು. ನಾನು ನನ್ನ ಚೀಲದ ಜಿಪ್ಪನ್ನು ಎಳೆಯುತ್ತ, ಬಿಡುತ್ತ ಕೂತಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಅಕ್ಕ ಕಿಟಕಿಯ ಕಡೆ. ಎರಡು ನಿಲ್ದಾಣ ದಾಟಿದ ಮೇಲೆ ನಾನು ಕ್ಷಮಾಪಣೆಯನ್ನು ಎಲ್ಲೆಲ್ಲಿಂದಲೋ ಶುರುಮಾಡಿದೆ. ಆಡಿದ ಮಾತು, ಒಡೆದ ಮುತ್ತು ಎರಡೂ ಒಂದೇ ಎಂದು ಅವಳೇ ಚಿಕ್ಕಂದಿನಲ್ಲಿ ಹೇಳಿಕೊಟ್ಟದ್ದು. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಆ ಫೋಟೋ ಇದೆಯಾ ಎಂದಳು. ಬಾಗಿಲಲ್ಲಿ ತೆಗೆದದ್ದು.

ಇತ್ತು. ಸಾಕ್ಷಿಯೆಂದು ಇಟ್ಟುಕೊಂಡಿದ್ದೆನಲ್ಲ. ತೆಗೆದು ಕೊಟ್ಟೆ. ಅವಳು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

‘ಇದು ನಾನಾ?’ ಎಂದಳು.

‘ಹೌದು.’

‘ಅವತ್ತು ನಾನು ನಗ್ತಾ ಇದ್ದೆ ಕಣೇ,’ ಎಂದಳು ಅಕ್ಕ. ‘ಬಾಗಿಲಿಂದ ಹಿಡಿದು ಅಡುಗೆಮನೆವರೆಗೂ ನಗ್ತಾನೇ ಇದ್ದೆ. ಕೆನ್ನೆ ನೋಯೋವಷ್ಟು ನಗ್ತಿದೀನಿ ಅಂದ್ಕೊಂಡಿದ್ದೆ. ನಗೋಕಾಗಲ್ವಾ ಅಂತ ನೀನು ಯಾಕೆ ಕೇಳ್ದೆ ಅನ್ನೋದು ನನಗೆ ಗೊತ್ತೇ ಆಗಲಿಲ್ಲ.’

ಬಸ್ಸಿನಲ್ಲಿ ಜನ ಇದ್ದರು. ನಾನು ಯಾರನ್ನೂ ಲೆಕ್ಕಿಸದೆ ಅತ್ತೆ. ಅಕ್ಕ ತನ್ನ ನಿಧಾನದ ಕೈಯನ್ನು ನನ್ನ ಬೆನ್ನಿನ ಮೇಲೆ ತಂದಳು. ಅದು ಬಂದು ಮುಟ್ಟಲು ಒಂದು ನಿಲ್ದಾಣವೇ ಹಿಡಿಯಿತೇನೋ. ಈ ಸಲ ನಾನು ಕಾದೆ.

ಮಾತ್ರೆ ಶುರುವಾಗಿ ಈಗ ನಾಲ್ಕು ತಿಂಗಳು. ಕೈ ಸ್ವಲ್ಪ ಸಡಿಲವಾಗಿದೆ, ಬಕಲು ತಾನೇ ಬಿಚ್ಚುತ್ತಾಳೆ, ನಡೆಯುವಾಗ ಎಡಗೈ ಒಂದಿಷ್ಟು ಬೀಸುತ್ತದೆ. ಹುಬ್ಬು ಮಾತ್ರ ಮೊದಲಿನ ಹಾಗೆ ಏಳುವುದಿಲ್ಲ. ಕ್ಲಿನಿಕ್ಕಿನಲ್ಲಿ ಬೋರ್ಡು ಹಾಗೇ ಇದೆ. ಕಾಲನ್ನೂ ನೋಡುತ್ತೇನೆ, ಆದರೆ ಈಗ ನಡುನಡುವೆ ಡಾಕ್ಟರನ್ನು ನಿಲ್ಲಿಸಿ ಬಾಯಿಬಿಟ್ಟು ಕೇಳುತ್ತೇನೆ: ನೋಯ್ತಿದೆಯಾ? ಕೆಲಸ ಹತ್ತು ನಿಮಿಷ ತಡವಾಗುತ್ತದೆ. ಡಾಕ್ಟರು ಇದಕ್ಕೂ ಯಾಕೆ ಎಂದು ಕೇಳಿಲ್ಲ.

ಪರದೆಯನ್ನು ಬೀರುವಿನಿಂದ ತೆಗೆದು ಇಸ್ತ್ರಿ ಮಾಡಿ ಹಾಲಿನ ಕಿಟಕಿಗೆ ಹಾಕಿದೆ. ಮೊದಲ ಭಾನುವಾರ ಅದನ್ನು ನೋಡಿ ಅಕ್ಕ, ‘ಬಿಚ್ಚಿ ಕೊಡು, ಮಾನ ಹೋಗುತ್ತೆ, ಮತ್ತೆ ಹೊಲಿದು ಕೊಡ್ತೀನಿ’ ಎಂದಳು. ಕೊಡಲಿಲ್ಲ. ಬೇಕಾದರೆ ಇಡೀ ಮನೆ ತೆಗೆದುಕೊಂಡು ಹೋಗು, ಅದೊಂದನ್ನು ಮುಟ್ಟಬೇಡ ಎಂದೆ.

ಈಗ ಅವಳು ಪ್ರತಿ ಭಾನುವಾರ ಬರುತ್ತಾಳೆ. ಮೂವರೂ ಇಸ್ಪೀಟು ಆಡುತ್ತೇವೆ, ಮತ್ತು ಅಕ್ಕ ಗೆಲ್ಲುತ್ತಾಳೆ. ಅವಳ ಕೈಯಲ್ಲಿ ಯಾವ ಎಲೆ ಇದೆಯೆಂದು ಹೇಳಲು ಈಗ ಯಾರಿಗೂ ಆಗುವುದಿಲ್ಲ. ದೇವರು ಒಂದು ಕಿತ್ತುಕೊಂಡು ಒಂದು ಕೊಟ್ಟ ಎಂದು ಅವಳೇ ಚೇಷ್ಟೆ ಮಾಡುತ್ತಾಳೆ.

ಮೊನ್ನೆ ಯಜಮಾನರು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಒಬ್ಬ ಮ್ಯಾನೇಜರನ ಕಥೆ ಹೇಳಿದರು. ಇಪ್ಪತ್ತು ವರ್ಷದಿಂದ ಹೇಳುತ್ತಿರುವ ಕಥೆ. ನಾನು ಆಕಳಿಸಿದೆ. ಅಕ್ಕನ ಮುಖ ಗೋಡೆಯ ಹಾಗಿತ್ತು. ಅಭ್ಯಾಸಬಲದಿಂದ ನನ್ನ ಕಣ್ಣು ಮೇಜಿನ ಕೆಳಗೆ ಅವಳ ಕಾಲಿನ ಕಡೆ ಹೋಯಿತು. ಕಾಲೂ ಸುಮ್ಮನಿತ್ತು. ಒಂದು ಕ್ಷಣ, ಬೇಜಾರಾಗಿದೆಯೋ ಏನೋ ಎಂದು ಹಳೆಯ ಮಿಷನ್ನು ಒಳಗೆ ಗುರ್ ಎಂದಿತು.

ಅಷ್ಟರಲ್ಲಿ ಅವಳು ತನ್ನ ಸಪಾಟು ದನಿಯಲ್ಲಿ, ‘ನಾನು ನಗ್ತಾ ಇದೀನಿ,’ ಎಂದಳು.

‘ಸರಿ ಅಕ್ಕ,’ ಎಂದೆ.

‘ಜೋರಾಗಿ ನಗ್ತಾ ಇದೀನಿ.’

‘ಗೊತ್ತಾಯ್ತು.’

‘ಹೇಗೆ ಗೊತ್ತಾಯ್ತು?’ ಎಂದಳು. ಅವಳೂ ಪರೀಕ್ಷೆ ಮಾಡುತ್ತಾಳೆ ಈಗೀಗ.

‘ನೀನು ಹೇಳಿದೆಯಲ್ಲ,’ ಎಂದೆ, ಮತ್ತು ಎಲೆ ಹಂಚಿದೆ.